ಉದುರಿದ ಅಡಿಕೆಯ ಲೆಕ್ಕ

2024ರ ಫೆಬ್ರವರಿಯ ಒಂದು ಸಂಜೆ ತವರಿನಿಂದ ಫೋನ್ ಬಂತು. ಅತ್ತಿಗೆಯ ದನಿ ನಡುಗುತ್ತಿತ್ತು. "ಅಪ್ಪಿಯ ಪುಸ್ತಕದ ಗೂಡಿನಲ್ಲಿ ಒಂದು ಡಬ್ಬಿ ಸಿಕ್ಕಿತು. ಒಳಗೆ ನಾನೂರ ಎಪ್ಪತ್ತು ರೂಪಾಯಿ ಇದೆ. ಎಲ್ಲಿಂದ ಬಂತೆಂದು ಕೇಳಿದರೆ ಬಾಯಿ ಬಿಡುತ್ತಿಲ್ಲ. ನಿನ್ನ ಅಣ್ಣ ಬೆತ್ತ ಹುಡುಕುತ್ತಿದ್ದಾರೆ. ಬೇಗ ಬಾ."

ಶಿರಸಿಯಿಂದ ಹುಲೇಕಲ್ ರಸ್ತೆಯಲ್ಲಿ ನನ್ನ ತವರು ಅರ್ಧ ಗಂಟೆಯ ದಾರಿ. ಸಹಕಾರಿ ಸಂಘವೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲೆಕ್ಕ ಬರೆಯುತ್ತಿರುವುದರಿಂದ ಮನೆಯಲ್ಲಿ ದುಡ್ಡಿನ ತಕರಾರು ಎದ್ದರೆ ನನ್ನನ್ನು ಕರೆಯುವುದು ರೂಢಿ. ಅಂದು ಹೋದವಳು ಆಮೇಲೆ ಎರಡು ವರ್ಷ, ಒಂದು ಮಾರಿಕಾಂಬಾ ಜಾತ್ರೆಯಿಂದ ಮತ್ತೊಂದು ಜಾತ್ರೆಯವರೆಗೆ, ಆ ಮನೆಯ ಮಕ್ಕಳ ಕೈಯಲ್ಲಿ ದುಡ್ಡು ಹೇಗೆ ಓಡಾಡಿತೆಂದು ನೋಡುತ್ತ ಬಂದೆ. ಅತ್ತಿಗೆಯನ್ನೂ ಮಕ್ಕಳನ್ನೂ ಕೇಳಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಸೀಮೆಯಲ್ಲಿ ಗಂಡುಹುಡುಗನನ್ನು ಅಪ್ಪಿ ಎಂದೂ ಹೆಣ್ಣುಮಗುವನ್ನು ಕೂಸು ಎಂದೂ ಕರೆಯುತ್ತೇವೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಆಗ ಅಪ್ಪಿಗೆ ಹನ್ನೊಂದು ವರ್ಷ, ಕೂಸಿಗೆ ಎಂಟು. ಮನೆಯಲ್ಲಿ ಅಣ್ಣ, ಅತ್ತಿಗೆ, ಮಕ್ಕಳ ಅಜ್ಜ ಅಂದರೆ ನನ್ನ ಅಪ್ಪ, ಮತ್ತು ಅಜ್ಜಿ. ಎರಡೂವರೆ ಎಕರೆ ಅಡಿಕೆ ತೋಟ, ನಡುನಡುವೆ ಕಾಳುಮೆಣಸು, ಬಾಳೆ. ಬಡತನವಿಲ್ಲ. ಧಾರಾಳವೂ ಇಲ್ಲ.

ನಾನು ತಲುಪುವಾಗ ಡಬ್ಬಿ ಜಗಲಿಯ ಮೇಲಿತ್ತು. ಹಾಲಿಗೆ ಹಾಕುವ ಪುಡಿಯ ಹಳೆಯ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳ ತೆಗೆದರೆ ಹಣ್ಣಡಿಕೆಯ ಸಿಪ್ಪೆಯ ಹುಳಿ ವಾಸನೆ. ಹತ್ತು, ಇಪ್ಪತ್ತರ ನೋಟುಗಳನ್ನು ಒಂದೇ ಮೊಗದಲ್ಲಿ ಜೋಡಿಸಿ, ಬಾಳೆಪಟ್ಟೆಯ ದಾರದಿಂದ ಕಟ್ಟಿ ಇಡಲಾಗಿತ್ತು. ಕಟ್ಟಿನ ಜೊತೆ ಗಣಿತದ ಪುಸ್ತಕದಿಂದ ಹರಿದ ಒಂದು ಚೂರು ಹಾಳೆ. ಅದರಲ್ಲಿ ಪೆನ್ಸಿಲ್ಲಿನಲ್ಲಿ ಏಳು ಸಾಲು: 2 ಕಿಲೋ 60, 3 ಕಿಲೋ 90, 2 ಕಿಲೋ 60... ಕೊನೆಗೆ 480. ಅದರ ಕೆಳಗೆ "ಕೂಸಿಗೆ ಐಸ್‌ಕ್ಯಾಂಡಿ 10".

ಕದ್ದವನು ಹೀಗೆ ಲೆಕ್ಕ ಬರೆದಿಡುವುದಿಲ್ಲ. ನನಗೆ ಮೊದಲು ಹೊಳೆದದ್ದು ಅದು. ಅಣ್ಣನಿಗೆ ಆ ಹಾಳೆಯನ್ನು ಕೊಟ್ಟೆ. ಅವನು ಓದಿ, ಬೆತ್ತವನ್ನು ಕಂಬಕ್ಕೆ ಒರಗಿಸಿ ಒಳಗೆ ಹೋದ.

ಕೂಸು ಅಳುತ್ತಲೇ ಎಲ್ಲವನ್ನೂ ಹೇಳಿದಳು. ತಿಂಗಳಿಂದ ಅಣ್ಣ ತಂಗಿ ಸೇರಿ ತೋಟದಲ್ಲಿ ಉದುರಿದ ಹಣ್ಣಡಿಕೆ ಹೆಕ್ಕುತ್ತಿದ್ದರು. ಶಾಲೆಯ ಚೀಲದಲ್ಲಿ ಹಾಕಿಕೊಂಡು ಹೋಗಿ, ಬಸ್ಸು ಇಳಿಯುವಲ್ಲಿನ ಒಂದು ಅಂಗಡಿಗೆ ಕಿಲೋಗೆ ಮೂವತ್ತರಂತೆ ಕೊಡುತ್ತಿದ್ದರು. ಒಟ್ಟು ಹದಿನಾರು ಕಿಲೋ. ಐಸ್‌ಕ್ಯಾಂಡಿ ಕೂಸಿನ ಬಾಯಿ ಮುಚ್ಚಿಸಲು.

ಮಲೆನಾಡಿನಲ್ಲಿ ಇದು ಹೊಸತೇನಲ್ಲ. ಪ್ರತಿ ಊರಿನಲ್ಲಿಯೂ ಅಂಥ ಒಂದು ಅಂಗಡಿ ಇರುತ್ತದೆ, ಯಾರ ತೋಟದ್ದೆಂದು ಕೇಳದೆ ಅಡಿಕೆ ಕೊಳ್ಳುತ್ತದೆ. ಹನ್ನೊಂದು ವರ್ಷದ ಮಗುವಿನ ಕೈಯಿಂದ ತೂಕ ಮಾಡಿ ತೆಗೆದುಕೊಳ್ಳುವ ದೊಡ್ಡವರ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ. ಮಕ್ಕಳು ಅಡ್ಡದಾರಿ ಹಿಡಿದರೆಂದು ದೂರುವ ಮೊದಲು ಆ ದಾರಿಯನ್ನು ತೆರೆದಿಟ್ಟು ಕುಳಿತವರನ್ನು ಕೇಳಬೇಕು.

ಅಜ್ಜ ರಾತ್ರಿ ಏನೂ ಮಾತನಾಡಲಿಲ್ಲ. ಬೆಳಿಗ್ಗೆ ಕಾಫಿ ಕುಡಿದು, "ಅಪ್ಪಿ, ಬಾ, ತೋಟಕ್ಕೆ ಹೋಗಿ ಬರೋಣ" ಎಂದರು. ನಾನೂ ಹಿಂದೆ ಹೋದೆ. ಇಬ್ಬನಿಗೆ ಒದ್ದೆಯಾದ ಸೋಗೆಯ ಮೇಲೆ ಕಿತ್ತಳೆ ಬಣ್ಣದ ಹಣ್ಣುಗಳು ಬಿದ್ದಿದ್ದವು. ಅಜ್ಜ ಒಂದನ್ನು ಎತ್ತಿ ಹುಡುಗನ ಅಂಗೈಯಲ್ಲಿಟ್ಟರು. ತಮ್ಮ ಬಾಲ್ಯದಲ್ಲಿ ಜಾತ್ರೆಯ ವರ್ಷ ಬಂತೆಂದರೆ ಉದುರಿದ ಅಡಿಕೆ ಮಕ್ಕಳ ಪಾಲಾಗಿತ್ತಂತೆ. ಹೆಕ್ಕಿ ತಂದದ್ದನ್ನು ಒಣಹಾಕಲು ಅಟ್ಟದ ಒಂದು ಮೂಲೆ ಬಿಟ್ಟುಕೊಡುತ್ತಿದ್ದರು. ಒಣಗಿದ ಮೇಲೆ ಸುಲಿದು, ದೊಡ್ಡವರ ಮಾಲಿನ ಜೊತೆಗೇ ಪೇಟೆಗೆ ಹೋಗುತ್ತಿತ್ತು. ಬಂದದ್ದರಲ್ಲಿ ಜಾತ್ರೆಯ ಖರ್ಚು. "ನಾವು ಐದು ಜನ ಮಕ್ಕಳು. ಕೇಳಿ ಹೆಕ್ಕಿದೆವು, ಅಷ್ಟೇ ವ್ಯತ್ಯಾಸ" ಎಂದರು.

ಆಮೇಲೆ ಅಲ್ಲಿಯೇ, ಸೋಗೆಯ ಕಡ್ಡಿಯಿಂದ ಮಣ್ಣಿನ ಮೇಲೆ ಗೀಚಿ ಲೆಕ್ಕ ಹೇಳಿಕೊಟ್ಟರು. ಐದು ಕಿಲೋ ಹಣ್ಣು ಒಣಗಿ ಸುಲಿದರೆ ಹೆಚ್ಚು ಕಡಿಮೆ ಒಂದು ಕಿಲೋ ಚಾಲಿ. ಹದಿನಾರು ಕಿಲೋಗೆ ಮೂರು ಕಿಲೋ ಚಿಲ್ಲರೆ. ಆ ಹೊತ್ತಿಗೆ ಚಾಲಿಗೆ ಕಿಲೋಗೆ ಮುನ್ನೂರರ ಮೇಲೆ ಬೆಲೆಯಿತ್ತು. ಸರಿಸುಮಾರು ಸಾವಿರದ ಮಾಲನ್ನು ಅಪ್ಪಿ ನಾನೂರ ಎಂಬತ್ತಕ್ಕೆ ಕೊಟ್ಟು ಬಂದಿದ್ದ. ಬೈಗುಳಕ್ಕೆ ಅಲುಗದ ಹುಡುಗ ಈ ಲೆಕ್ಕಕ್ಕೆ ಕಣ್ಣೀರು ಹಾಕಿದ. "ಆದರೆ ಒಣಗಲು ಎಷ್ಟು ದಿನ ಬೇಕು?" ಎಂದು ಕೇಳಿದ. ಒಳ್ಳೆಯ ಬಿಸಿಲಿದ್ದರೂ ನಲವತ್ತು ದಿನ. ಜಾತ್ರೆ ಮಾರ್ಚ್ 19ಕ್ಕೆ. ಎಣಿಸಿ ನೋಡಿ ಸುಮ್ಮನಾದ.

ಅವನು ಅಡಗಿಸಿಟ್ಟದ್ದು ಏಕೆ? ಕೇಳಿದ್ದರೆ ಅಜ್ಜ ಕೊಡುತ್ತಿರಲಿಲ್ಲವೇ? ಮಧ್ಯಾಹ್ನ ಊಟದ ನಂತರ ಇದನ್ನು ಕೇಳಿದೆ. ಹುಡುಗ ತಲೆ ತಗ್ಗಿಸಿಯೇ ಹೇಳಿದ: "ಕೊಟ್ಟರೆ ಆಯಿ ಇಟ್ಟುಕೊಳ್ಳುತ್ತಾಳೆ. ಹೋದ ಜಾತ್ರೆಯಲ್ಲಿ ಸಾವಿರದ ನೂರ ಹನ್ನೊಂದು ಕೊಟ್ಟಿದ್ದೆ. ಇನ್ನೂ ಬಂದಿಲ್ಲ."

ಆಯಿ ಎಂದರೆ ಅವನ ಅಮ್ಮ, ನನ್ನ ಅತ್ತಿಗೆ. ಆ ಅಂಕಿಯನ್ನು ಅವನು ಎರಡು ವರ್ಷ ನೆನಪಿಟ್ಟಿದ್ದ. 2022ರ ಜಾತ್ರೆಗೆ ಬಂದ ನೆಂಟರಲ್ಲಿ ಹನ್ನೊಂದು ಮನೆಯವರು ಅವನ ಕೈಗೆ ನೂರೊಂದು ರೂಪಾಯಿಯಂತೆ ಇಟ್ಟಿದ್ದರು. ಜಾತ್ರೆ ದುಡ್ಡು ಕೊಡುವುದು ನಮ್ಮಲ್ಲಿ ಎಲ್ಲ ಮನೆಗಳಲ್ಲಿಯೂ ಇದೆ. ಕೊಟ್ಟ ಮರುಕ್ಷಣ "ಕಳೆದುಹೋಗುತ್ತದೆ, ನಾನು ಇಟ್ಟುಕೊಂಡಿರುತ್ತೇನೆ" ಎಂದು ತಾಯಂದಿರು ಕೈ ಚಾಚುವುದೂ ಇದೆ. ನನ್ನ ಕೈಯಿಂದಲೂ ಹಾಗೆ ಹೋಗಿತ್ತು. ನಿಮ್ಮ ಕೈಯಿಂದಲೂ ಹೋಗಿರಬಹುದು.

ಅತ್ತಿಗೆಗೆ ಈ ಮಾತು ಚುಚ್ಚಿತು. ಅವಳದ್ದೂ ನ್ಯಾಯವೇ. ಆ ದುಡ್ಡಿನಿಂದ ಅವಳು ತನಗೆಂದು ಒಂದು ಬಳೆಯನ್ನೂ ಕೊಂಡವಳಲ್ಲ. ಹಾಗಾದರೆ ಎಲ್ಲಿ ಹೋಯಿತು? ನಾನು ಒಂದು ಹಾಳೆ ತೆಗೆದುಕೊಂಡು ಅವಳ ಎದುರು ಕುಳಿತೆ. ಅಪ್ಪಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಎಡಗಡೆ ಯಾರು ಯಾರು ಅವನಿಗೆ ಕೊಟ್ಟರೆಂದು ಬರೆಯಿಸಿದೆ. ಬಲಗಡೆ ಅದೇ ಜಾತ್ರೆಯಲ್ಲಿ ಆ ಮನೆಗಳ ಮಕ್ಕಳಿಗೆ ಅತ್ತಿಗೆ ಕೊಟ್ಟದ್ದು. ಅವಳಿಗೆ ಎಲ್ಲವೂ ಬಾಯಿಪಾಠವಿತ್ತು. ಮಾವನ ಮನೆಯಲ್ಲಿ ಇಬ್ಬರು, ಚಿಕ್ಕಿಯ ಮನೆಯಲ್ಲಿ ಒಬ್ಬಳು... ಕೂಡಿಸಿದರೆ ಹದಿಮೂರು ಮಕ್ಕಳು, ಸಾವಿರದ ಮುನ್ನೂರ ಹದಿಮೂರು ರೂಪಾಯಿ. ಬಂದದ್ದಕ್ಕಿಂತ ಇನ್ನೂರ ಎರಡು ಹೆಚ್ಚು.

ಅಪ್ಪಿ ಆ ಹಾಳೆಯನ್ನು ತುಂಬ ಹೊತ್ತು ನೋಡಿದ. "ಹಾಗಾದರೆ ನನ್ನ ದುಡ್ಡು ಅವರಿಗೆ ಹೋಯಿತೇ?"

"ಅವರದ್ದು ನಿನಗೆ ಬಂದಿತ್ತು. ನಿನ್ನದು ಅವರಿಗೆ ಹೋಯಿತು. ಇದಕ್ಕೆ ಮುಯ್ಯಿ ಎನ್ನುತ್ತಾರೆ" ಎಂದಳು ಅತ್ತಿಗೆ.

"ಮತ್ತೆ ನನಗೇಕೆ ಹೇಳಲಿಲ್ಲ?"

ಅತ್ತಿಗೆಯ ಬಳಿ ಉತ್ತರವಿರಲಿಲ್ಲ. ನನ್ನ ಬಳಿಯೂ ಇರಲಿಲ್ಲ. ಆ ಡಬ್ಬಿಗೆ ಕಾರಣ ಹುಡುಗನ ಆಸೆಬುರುಕತನವೆಂದು ನಾನು ಅಲ್ಲಿಯವರೆಗೆ ಅಂದುಕೊಂಡಿದ್ದೆ. ಹಾಗಲ್ಲ ಎಂದು ಆಗ ತಿಳಿಯಿತು. ಮನೆಯ ಹಿರಿಯರ ಲೆಕ್ಕ ಅವನಿಗೆ ಕಾಣುತ್ತಿರಲಿಲ್ಲ. ಕಾಣದ ಲೆಕ್ಕವನ್ನು ನಂಬು ಎಂದರೆ ಮಗು ಹೇಗೆ ನಂಬೀತು? ಸಂಘದಲ್ಲಿ ಸದಸ್ಯರೊಬ್ಬರು ಪಾಸ್‌ಬುಕ್ ಕೇಳಿದರೆ ನಾನು "ನಿಮ್ಮ ದುಡ್ಡು ನಮ್ಮಲ್ಲಿ ಭದ್ರವಾಗಿದೆ, ಚಿಂತಿಸಬೇಡಿ" ಎಂದು ಕಳುಹಿಸುತ್ತೇನೆಯೇ?

ಅಂದಿನಿಂದ ಆ ಮನೆಯಲ್ಲಿ ಜಾತ್ರೆ ದುಡ್ಡಿಗೆ ಒಂದು ಕ್ರಮವಾಯಿತು. ನೂರೊಂದು ಬಂದರೆ ಮೇಲಿನ ಒಂದು ರೂಪಾಯಿ ದೇವರ ಮುಂದಿನ ಡಬ್ಬಿಗೆ. ಐವತ್ತು ಮಗುವಿನದು, ಯಾರೂ ಕೇಳುವಂತಿಲ್ಲ. ಉಳಿದ ಐವತ್ತು ಮುಯ್ಯಿಯ ಲಕೋಟೆಗೆ. ಆ ಲಕೋಟೆಯಿಂದ ಕೊಡುವಾಗ ಮಗುವೇ ತನ್ನ ಕೈಯಿಂದ ಕೊಡಬೇಕು, ಸಾಲದಿದ್ದರೆ ಅತ್ತಿಗೆ ತುಂಬಿಸುತ್ತಾಳೆ. ಇದನ್ನು ಹೇಳಿಕೊಟ್ಟವರು ಅಜ್ಜಿ. ಆ ಒಂದು ರೂಪಾಯಿ ಏಕೆಂದು ಕೂಸು ಕೇಳಿದಾಗ, "ಸೊನ್ನೆಗೆ ಮುಗಿಯಬಾರದು ಕೂಸೇ, ಮುಂದೆ ಬೆಳೆಯಬೇಕು" ಎಂದರು.

ವಾರದ ದುಡ್ಡಿನ ಕತೆ ಇಷ್ಟು ಸಲೀಸಾಗಿ ಕೂಡಿಬರಲಿಲ್ಲ.

ಅಣ್ಣ ಮೊದಲು ತನ್ನದೇ ಯೋಜನೆ ಹಾಕಿದ. "ಬಿಟ್ಟಿ ಕೊಡುವುದು ಬೇಡ, ದುಡಿದು ಗಳಿಸಲಿ" ಎಂದು ಗೋಡೆಗೆ ಒಂದು ಪಟ್ಟಿ ಅಂಟಿಸಿದ. ಪೂಜೆಗೆ ಹೂವು ಕೊಯ್ದರೆ ಎರಡು ರೂಪಾಯಿ, ದನಕ್ಕೆ ಹುಲ್ಲು ಹಾಕಿದರೆ ಐದು, ಅಂಗಳ ಗುಡಿಸಿದರೆ ಐದು. ಕೇಳುವುದಕ್ಕೆ ಚೆನ್ನಾಗಿತ್ತು, ನಾನೂ ತಲೆಯಾಡಿಸಿದೆ. ಮೂರು ವಾರ ಕಳೆದಿರಲಿಲ್ಲ. ಒಂದು ಸಂಜೆ ಮಂಡಿ ನೋವೆಂದು ಮಲಗಿದ್ದ ಅಜ್ಜಿ, "ಅಪ್ಪಿ, ಒಂದು ಲೋಟ ಬಿಸಿನೀರು ತಂದುಕೊಡು" ಎಂದರು. ಅವನು ಎದ್ದು ನಿಂತು, "ಪಟ್ಟಿಯಲ್ಲಿ ನೀರು ಇಲ್ಲವಲ್ಲ ಅಜ್ಜಿ, ಎಷ್ಟು?" ಎಂದ. ಮಗುವಿನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಜ್ಜಿ ಮಾತ್ರ ಅಂದು ರಾತ್ರಿ ಊಟ ಮಾಡಲಿಲ್ಲ. ಮರುದಿನ ಪಟ್ಟಿ ಗೋಡೆಯ ಮೇಲಿರಲಿಲ್ಲ. ಅಣ್ಣನೇ ಕಿತ್ತು ಒಲೆಗೆ ಹಾಕಿದ್ದ.

ಆಗ ಅಜ್ಜ ಒಂದು ಗೆರೆ ಎಳೆದರು. ಯಾವ ಕೆಲಸಕ್ಕೆ ನಾವು ಆಳನ್ನು ಕರೆದು ಕೂಲಿ ಕೊಡುತ್ತೇವೆಯೋ ಆ ಕೆಲಸ ಮಕ್ಕಳು ಮಾಡಿದರೆ ಅವರಿಗೂ ಕೂಲಿ: ಉದುರಿದ್ದನ್ನು ಹೆಕ್ಕುವುದು, ಕಾಳುಮೆಣಸು ಬಿಡಿಸುವುದು. ಮನೆಯವರೆಂದು ಮಾಡುವ ಕೆಲಸಕ್ಕೆ ಯಾರಿಗೂ ಕೂಲಿ ಇಲ್ಲ, ಅವರ ಆಯಿಗೂ ಇಲ್ಲ. ಮೆಟ್ಟುಗತ್ತಿಯ ಹತ್ತಿರ ಮಕ್ಕಳು ಸುಳಿಯಕೂಡದು, ಸುಲಿಯುವ ಕೆಲಸ ದೊಡ್ಡವರದೇ. ಇದು ಇಂದಿಗೂ ನಡೆಯುತ್ತಿದೆ.

ವಾರದ ದುಡ್ಡು ಕೆಲಸಕ್ಕೆ ಅಂಟಿದ್ದಲ್ಲ. ಅಪ್ಪಿಗೆ 40, ಕೂಸಿಗೆ 25. ಈ ಅಂಕಿ ಹೇಗೆ ಬಂತೆಂದರೆ, ಎರಡು ವಾರ ಮಕ್ಕಳ ಚಿಲ್ಲರೆ ಖರ್ಚನ್ನೆಲ್ಲ ಬರೆದು ನೋಡಿದೆವು. ಶಾಲೆಯ ಬಿಡುವಿನ ತಿಂಡಿ, ರಿಫಿಲ್, ಗೆಳೆಯರ ಹುಟ್ಟುಹಬ್ಬಕ್ಕೆ ಚಾಕೊಲೇಟ್. ಅದಕ್ಕೆ ಸ್ವಲ್ಪ ಉಳಿಯುವಷ್ಟು ಸೇರಿಸಿದೆವು. ಉಳಿಯುವಷ್ಟು ಕೊಡದೆ ಉಳಿಸು ಎಂದರೆ ಅನ್ಯಾಯ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಕೂಸಿಗೆ ಬಸ್ಸು ಉಚಿತ, ತನಗೆ ಪಾಸು ಬೇಕೆಂದು ಅಪ್ಪಿ ತಕರಾರು ತೆಗೆದ. ಪಾಸಿನ ಖರ್ಚು ಮನೆಯದು, ವಾರದ ದುಡ್ಡಿಗೂ ಅದಕ್ಕೂ ಸಂಬಂಧವಿಲ್ಲವೆಂದು ತೀರ್ಮಾನವಾಯಿತು.

ಕೊಡುವ ಹೊತ್ತು ಭಾನುವಾರ ಬೆಳಿಗ್ಗೆ. ಅಜ್ಜ ಕೆಲಸದವರಿಗೆ ಬಟವಾಡೆ ಮಾಡಿ ಮುಗಿಸಿದ ಕೂಡಲೇ ಅದೇ ಜಗಲಿಯಲ್ಲಿ ಮಕ್ಕಳ ಸರದಿ. ಒಂದು ವಾರವೂ ತಪ್ಪಬಾರದೆಂದು ನಾನು ಹಟ ಹಿಡಿದೆ. 1928ರಲ್ಲಿ ಉಡುಪಿಯಲ್ಲಿ ಪಿಗ್ಮಿ ಠೇವಣಿ ಆರಂಭವಾದಾಗ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದರು. ಎರಡಾಣೆ ದೊಡ್ಡ ಮೊತ್ತವೇನಲ್ಲ. ಪಡೆಯುವವನು ದಿನವೂ ಬರುತ್ತಿದ್ದ, ಆದ್ದರಿಂದ ಕೊಡುವವರಿಗೂ ದಿನವೂ ತೆಗೆದಿಡುವುದು ಅಭ್ಯಾಸವಾಯಿತು. ಮಕ್ಕಳಿಗೂ ಹಾಗೆಯೇ. ಒಂದು ವಾರ ಕೊಟ್ಟು, ಎರಡು ವಾರ ಮರೆತು, ಮೂರನೆಯ ವಾರ ಅತ್ತರೆಂದು ನೂರು ಕೊಟ್ಟರೆ ಅವರು ಅಳುವುದನ್ನು ಕಲಿಯುತ್ತಾರೆ.

ಎಲ್ಲವೂ ನಗದಿನಲ್ಲಿ, ಅದರಲ್ಲಿಯೂ ಚಿಲ್ಲರೆಯಲ್ಲಿ. ಅಂಗಡಿಯಲ್ಲಿ ಆಯಿ ಮೊಬೈಲ್ ಹಿಡಿದರೆ ಸಾಮಾನು ಬರುತ್ತದೆಯೆಂದು ಕೂಸು ತಿಳಿದಿದ್ದಳು. "ದುಡ್ಡಿಲ್ಲದಿದ್ದರೆ ಫೋನಿನಿಂದ ಕೊಡು" ಎಂದು ಅವಳೇ ಒಮ್ಮೆ ಹೇಳಿದ್ದುಂಟು. ಹತ್ತರ ನಾಣ್ಯ ಒಂದೊಂದಾಗಿ ಕೈಬಿಟ್ಟು ಹೋಗುವುದನ್ನು ಕಾಣದ ಮಗುವಿಗೆ ಖರ್ಚು ಎಂಬ ಮಾತಿಗೆ ಅರ್ಥ ಸಿಗುವುದು ಕಷ್ಟ.

ಇಬ್ಬರಿಗೂ ಒಂದೊಂದು ಉದ್ದನೆಯ ಪುಸ್ತಕ ಬಂತು. ಅಜ್ಜನ ರೋಜುಕಿರ್ದಿಯ, ಅಂದರೆ ದಿನದ ಲೆಕ್ಕದ ಪುಸ್ತಕದ, ಹಾಗೆಯೇ ಮೊದಲ ಪುಟದ ತಲೆಯಲ್ಲಿ 'ಶ್ರೀ', ಎಡಕ್ಕೆ ಜಮಾ, ಬಲಕ್ಕೆ ಖರ್ಚು. ನಮ್ಮ ಮನೆಯಲ್ಲಿ ದೀಪಾವಳಿಗೆ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತೇವೆ. ಆ ವರ್ಷದ ದೀಪಾವಳಿಯಲ್ಲಿ ಅಜ್ಜನ ಪುಸ್ತಕದ ಪಕ್ಕ ಮಕ್ಕಳ ಎರಡು ಪುಸ್ತಕಗಳಿದ್ದವು. ಕೂಸು ತನ್ನದಕ್ಕೆ ಎರಡು ಹೂವು ಹೆಚ್ಚು ಇಟ್ಟಿದ್ದಳು.

ಆದರೆ ಆ ಪುಸ್ತಕವೇ ಮನೆಯ ಯಜಮಾನನನ್ನು ಹಿಡಿದುಹಾಕಿತು. 2024ರ ಗಣೇಶ ಚೌತಿಯ ಹೊತ್ತಿಗೆ ಅಪ್ಪಿ ಪೇಟೆಯ ರಸ್ತೆಬದಿಯಲ್ಲಿ ಮುನ್ನೂರು ರೂಪಾಯಿ ಕೊಟ್ಟು ಮಿನುಗುವ ಕೈಗಡಿಯಾರ ತಂದ. ಎಂಟನೆಯ ದಿನ ಅದು ನಿಂತಿತು. ಹುಡುಗ ಮೂರು ದಿನ ಮಂಕಾಗಿದ್ದ. ಅತ್ತಿಗೆಗೆ ಕರುಳು ಹಿಂಡಿತು. ನಾನು ಬೇಡವೆಂದೆ. ಮುನ್ನೂರರಲ್ಲಿ ಈ ಪಾಠ ಅಗ್ಗ, ಇಪ್ಪತ್ತೈದರ ವಯಸ್ಸಿನಲ್ಲಿ ಮೂರು ಲಕ್ಷಕ್ಕೆ ಕಲಿಯುವುದು ಬೇಡ. ಎಲ್ಲರೂ ಒಪ್ಪಿದರು. ಮುಂದಿನ ತಿಂಗಳು ಅಪ್ಪಿಯ ಪುಸ್ತಕ ನೋಡುವಾಗ ಜಮೆಯ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ ಒಂದು ಸಾಲು: "ಅಪ್ಪ ಕೊಟ್ಟದ್ದು, ವಾಚ್ ಕೆಟ್ಟಿದ್ದಕ್ಕೆ, ಯಾರಿಗೂ ಹೇಳಬಾರದು, 300."

ಅಣ್ಣನ ಮುಖ ಕೆಂಪಾಯಿತು. ನನಗೆ ಆ ಸಾಲು ಓದಿ ಸಂತೋಷವೂ ಆಯಿತು. ಹೇಳಬಾರದೆಂದರೂ ಹುಡುಗ ಲೆಕ್ಕದಲ್ಲಿ ಮುಚ್ಚಿಟ್ಟಿರಲಿಲ್ಲ. ಏಳು ತಿಂಗಳ ಹಿಂದೆ ಡಬ್ಬಿ ಅಡಗಿಸಿದ್ದ ಕೈಯೇ ಇದು. ಮುನ್ನೂರು ಅಣ್ಣನಿಗೆ ವಾಪಸ್ಸಾಗಲಿಲ್ಲ. ಅಪ್ಪಿಯೇ ಅದನ್ನು ಮುಯ್ಯಿಯ ಲಕೋಟೆಗೆ ಹಾಕಿದ.

ನಾನು ತಪ್ಪಿದ್ದು ಕೂಸಿನ ವಿಷಯದಲ್ಲಿ. ಅವಳ ಪುಸ್ತಕ ನೋಡಿದಾಗಲೆಲ್ಲ ಹಿಗ್ಗುತ್ತಿದ್ದೆ. ಜಮೆಯ ಕಡೆ ಇಪ್ಪತ್ತೈದು, ಇಪ್ಪತ್ತೈದು, ಇಪ್ಪತ್ತೈದು. ಖರ್ಚಿನ ಕಡೆ ಬಿಳಿ ಹಾಳೆ. ಹದಿನಾರು ವಾರದಲ್ಲಿ ನಾನೂರರಲ್ಲಿ ಅವಳು ಖರ್ಚು ಮಾಡಿದ್ದು ಹದಿನೈದೇ ರೂಪಾಯಿ. ಅಣ್ಣನಿಗೆ ತೋರಿಸಿ, "ನೋಡು, ಅಪ್ಪಿ ಇವಳನ್ನು ನೋಡಿ ಕಲಿಯಲಿ" ಎಂದೆ. ಅಜ್ಜಿ ಮಾತ್ರ ಬೇರೆ ಏನನ್ನೋ ಗಮನಿಸಿದ್ದರು. ಮಗು ಶಾಲೆಯಿಂದ ಬಂದವಳೇ ಚೀಲವನ್ನೂ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ತಣ್ಣಗಿನ ದೋಸೆ ತಿನ್ನುತ್ತಿದ್ದಳು. ವಾರದಲ್ಲಿ ಎರಡು ದಿನ ತಲೆನೋವು. ಕೂರಿಸಿ ಕೇಳಿದರೆ, ಬಿಡುವಿನಲ್ಲಿ ಎಲ್ಲರೂ ತಿಂಡಿಗೆ ಹೋದಾಗ ತಾನು ನೀರು ಕುಡಿದು ತರಗತಿಯಲ್ಲೇ ಕುಳಿತಿರುತ್ತೇನೆ ಎಂದಳು. "ಅತ್ತೆ ಪುಸ್ತಕ ನೋಡಿದರೆ ಖುಷಿಪಡುತ್ತಾಳೆ."

ಅದನ್ನು ಕೇಳಿ ನನಗೆ ಎದೆಯಲ್ಲಿ ಕಲ್ಲಿಟ್ಟ ಹಾಗಾಯಿತು. ಉಳಿತಾಯವನ್ನು ಹೊಗಳುವ ಭರದಲ್ಲಿ ಎಂಟು ವರ್ಷದ ಮಗುವನ್ನು ಹಸಿವಿನಲ್ಲಿ ಕೂರಿಸಿದ್ದೆ. ತಪ್ಪೊಪ್ಪಿಕೊಂಡು ಅವಳ ಪುಸ್ತಕದಲ್ಲಿ ನಾನೇ ಬರೆದೆ: ವಾರಕ್ಕೆ 15 ರೂಪಾಯಿ ತಿನ್ನಲು, ಅದನ್ನು ಉಳಿಸಕೂಡದು. ಅಜ್ಜಿ ಇನ್ನೂ ಮುಂದೆ ಹೋಗಿ, ಉಳಿದ ಹತ್ತಕ್ಕೂ ಒಂದು ಗುರಿ ಇರಲಿ ಎಂದರು. ಸುಮ್ಮನೆ ಕೂಡಿಹಾಕುವುದು ಅವರಿಗೆ ಹಿಡಿಸುವುದಿಲ್ಲ. ಅವರಿಗೆ ಗೊತ್ತಿರುವುದು ಮುಡಿಪು. ಹರಕೆ ಹೊತ್ತು, ಅರಿಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ, ಯಾವುದಕ್ಕೆಂದು ಹೇಳಿ ಇಡುವುದು, ಕೆಲಸವಾದ ದಿನ ಬಿಚ್ಚುವುದು. ಕೂಸು ಸೈಕಲ್ಲಿಗೆ ಮುಡಿಪು ಕಟ್ಟುತ್ತೇನೆ ಎಂದಾಗ, "ಮುಡಿಪು ದೇವರದು, ಸೈಕಲ್ಲಿಗೆ ಕಟ್ಟಬಾರದು" ಎಂದು ಗದರಿಸಿದರು. ಆಮೇಲೆ ತಮ್ಮ ಹಳೆಯ ರೇಷ್ಮೆ ಕುಪ್ಪಸದ ತುಂಡಿನಿಂದ ಒಂದು ಪುಟ್ಟ ಚೀಲ ಹೊಲಿದುಕೊಟ್ಟರು. ಅದರ ಮೇಲೆ ಕೂಸು ಪೆನ್ನಿನಿಂದ ಸೈಕಲ್ ಬರೆದಿದ್ದಾಳೆ, ಚಕ್ರಗಳು ಸ್ವಲ್ಪ ಚಪ್ಪಟೆಯಾಗಿವೆ.

2024ರ ಏಪ್ರಿಲ್‌ನಲ್ಲಿ ಅಪ್ಪಿಗೆ ಅಂಚೆ ಕಚೇರಿಯಲ್ಲಿ ಉಳಿತಾಯ ಖಾತೆ ತೆರೆದೆವು. ಹತ್ತು ವರ್ಷ ತುಂಬಿದ ಮಗು ತನ್ನ ಸಹಿಯಲ್ಲಿಯೇ ಅಲ್ಲಿ ಖಾತೆ ನಡೆಸಬಹುದು. ಕನಿಷ್ಠ ಐನೂರು ರೂಪಾಯಿ ಬೇಕು, ಬಡ್ಡಿ ನೂರಕ್ಕೆ ನಾಲ್ಕು. ಬ್ಯಾಂಕುಗಳಲ್ಲಿಯೂ ಇದಕ್ಕೆ ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ. ಕೂಸಿಗೆ ಆಗ ಹತ್ತು ತುಂಬಿರಲಿಲ್ಲ, ಅತ್ತಿಗೆ ಪೋಷಕಿಯಾಗಿ ಸಹಿ ಹಾಕಿದಳು. ಅಪ್ಪಿ ಪಾವತಿ ಚೀಟಿಯಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆಯುವಾಗ ಮೂರು ಚೀಟಿ ಕೆಡಿಸಿದ. ಕಿಟಕಿಯ ಆಚೆಗಿದ್ದ ಹಿರಿಯರು ತಾಳ್ಮೆಯಿಂದ ನಾಲ್ಕನೆಯದನ್ನು ಕೊಟ್ಟರು. ಅವರ ಒಳ್ಳೆಯತನವನ್ನು ನಾನು ಮರೆಯುವುದಿಲ್ಲ.

ಫೆಬ್ರವರಿ, ಮಾರ್ಚ್‌ನಲ್ಲಿ ಕೇಳಿ ಹೆಕ್ಕಿ ಅಟ್ಟದ ಮೂಲೆಯಲ್ಲಿ ಒಣಹಾಕಿದ್ದ ಅಡಿಕೆ ಮೇ ತಿಂಗಳಲ್ಲಿ ನಾಲ್ಕೂವರೆ ಕಿಲೋ ಚಾಲಿಯಾಯಿತು. ಅಜ್ಜ ತಮ್ಮ ಮಾಲಿನ ಜೊತೆ ಪೇಟೆಗೆ ಕೊಂಡೊಯ್ದರು, ಅಪ್ಪಿಯನ್ನೂ ಕರೆದುಕೊಂಡು ಹೋದರು. ಶಿರಸಿಯಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ವ್ಯಾಪಾರಕ್ಕೆ ನೂರು ವರ್ಷ ದಾಟಿದೆ, ತೋಟಗಾರ್ಸ್ ಸೇಲ್ ಸೊಸೈಟಿ ಶುರುವಾದದ್ದು 1923ರಲ್ಲಿ. ರಾಶಿ ಹಾಕಿದ ಮಾಲನ್ನು ವ್ಯಾಪಾರಿಗಳು ಕೈಯಲ್ಲಿ ಹಿಡಿದು ನೋಡುವುದು, ಕತ್ತರಿಸಿ ಒಳಗಿನ ಬಿಳುಪು ಪರೀಕ್ಷಿಸುವುದು, ಬೆಲೆ ಬರೆದು ಟೆಂಡರ್ ಹಾಕುವುದು, ಇದನ್ನೆಲ್ಲ ಹುಡುಗ ಕಣ್ಣು ಕೀಳದೆ ನೋಡಿದನಂತೆ. ಅವರ ನಾಲ್ಕೂವರೆ ಕಿಲೋಗೆ 340ರ ದರದಲ್ಲಿ 1,530 ರೂಪಾಯಿ ಬಂತು.

ಆದರೆ ಅಂದಿನ ದೊಡ್ಡ ಪಾಠ ಅಜ್ಜನ ಪಟ್ಟಿಯಲ್ಲಿತ್ತು. ಮಾಲು ಮಾರಿದ ಪಟ್ಟಿಯನ್ನು ಅವರು ಅಂದು ಸಂಜೆ ಜಗಲಿಯಲ್ಲಿ ಬಿಡಿಸಿ ಹಿಡಿದರು. ಮೇಲಿನ ದೊಡ್ಡ ಮೊತ್ತ ನೋಡಿ ಅಪ್ಪಿ ಕಣ್ಣರಳಿಸಿದ. ಅಜ್ಜ ಬೆರಳನ್ನು ಒಂದೊಂದೇ ಸಾಲು ಕೆಳಗಿಳಿಸಿದರು. ಹಮಾಲಿ, ತೂಕದ ಖರ್ಚು, ಬೆಳೆ ಸಾಲಕ್ಕೆ ಜಮಾ ಆದದ್ದು, ಗೊಬ್ಬರದ ಬಾಕಿ. ಕೊನೆಯ ಸಾಲಿಗೆ ಬರುವಾಗ ಮೇಲಿನದರ ಅರ್ಧವೂ ಇರಲಿಲ್ಲ. "ಇನ್ನು ಇದರಲ್ಲಿ ಮಳೆಗಾಲಕ್ಕೆ ಮದ್ದು ಹೊಡೆಯಬೇಕು. ಕೊಳೆ ರೋಗ ಬಂದರೆ ಬರುವ ವರ್ಷ ಇಷ್ಟೂ ಇಲ್ಲ" ಎಂದರು. ಆ ಮನೆಯ ಆದಾಯ ಎಷ್ಟು, ಸಾಲ ಎಷ್ಟು ಎಂದು ನನ್ನ ಮದುವೆಯಾಗುವವರೆಗೂ ನನಗೇ ಗೊತ್ತಿರಲಿಲ್ಲ. ಮಕ್ಕಳ ಮುಂದೆ ದುಡ್ಡಿನ ಮಾತು ಆಡಬಾರದೆಂದು ಇದೇ ಅಜ್ಜ ಆಗ ಒಳಗೆ ಕಳುಹಿಸುತ್ತಿದ್ದರು. ಎಪ್ಪತ್ತಾರರ ವಯಸ್ಸಿನಲ್ಲಿ ಅವರು ಮೊಮ್ಮಗನ ಮುಂದೆ ಪಟ್ಟಿ ಬಿಡಿಸಿದ್ದನ್ನು ನೋಡುತ್ತ ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಅಪ್ಪಿ ಅದರ ಬಳಿಕ ಹೊಸ ಕ್ರಿಕೆಟ್ ಬ್ಯಾಟಿನ ಮಾತೆತ್ತಿದ್ದು ಆರು ತಿಂಗಳ ಮೇಲೆ, ಅದೂ "ನನ್ನ ಖಾತೆಯಿಂದ ಅರ್ಧ ಹಾಕುತ್ತೇನೆ" ಎಂದು. ಎಲ್ಲವೂ ಹೀಗೆ ಸರಿಹೋಯಿತೆಂದು ಹೇಳಲಾರೆ. ಎಂಟನೆಯ ತರಗತಿಗೆ ಬಂದ ಮೇಲೆ ಅವನಿಗೆ ಪುಸ್ತಕ ಬರೆಯುವ ಬೇಸರ ಹತ್ತಿದೆ, ತಿಂಗಳಿನದನ್ನು ಒಂದೇ ದಿನ ನೆನಪಿನಿಂದ ತುಂಬಿಸುತ್ತಾನೆ. ಗೆಳೆಯನಿಗೆ ಕೊಟ್ಟ ಇನ್ನೂರು ಇನ್ನೂ ಬಂದಿಲ್ಲ. ವಾರದ ದುಡ್ಡು ಅವನಿಗೀಗ ಎಂಬತ್ತು, ಅದು ಸಾಲದೆಂಬ ವಾದ ಪ್ರತಿ ಭಾನುವಾರವೂ ಇದೆ.

2026ರ ಜಾತ್ರೆ ಫೆಬ್ರವರಿ ಕೊನೆಗೆ ಬಂತು. ಹಿಂದಿನ ವಾರ ಅಪ್ಪಿ ತಾನೇ ಅಂಚೆ ಕಚೇರಿಗೆ ಹೋಗಿ ಎಂಟುನೂರು ತೆಗೆದುಕೊಂಡು ಬಂದ. ಚೀಟಿ ಒಂದೇ ಸಲಕ್ಕೆ ಸರಿಯಾಯಿತಂತೆ. ಕೂಸು ರೇಷ್ಮೆ ಚೀಲದಿಂದ ಇನ್ನೂರು ಮಾತ್ರ ತೆಗೆದಳು, ಸೈಕಲ್ ಇನ್ನೂ ಬಾಕಿಯಿದೆ. ಬಿಡಕಿಬೈಲಿನ ಗದ್ದುಗೆಯಲ್ಲಿ ದೇವಿಯ ದರ್ಶನ ಮುಗಿಸಿ ಹೊರಬರುವಾಗ ಚಿಕ್ಕಿಯ ಮನೆಯವರು ಎದುರಾದರು. ನಾಲ್ಕು ವರ್ಷದ ಅವರ ಮೊಮ್ಮಗಳು ಬಲೂನಿನ ಕಡೆ ಕೈ ಚಾಚುತ್ತಿದ್ದಳು. ಅತ್ತಿಗೆ ಎಂದಿನಂತೆ ಪರ್ಸಿಗೆ ಕೈ ಹಾಕಿದಳು. ಅಷ್ಟರಲ್ಲಿ ಅಪ್ಪಿ ಅಂಗಿಯ ಜೇಬಿನಿಂದ ಲಕೋಟೆ ತೆಗೆದು, ಐವತ್ತರ ಎರಡು ನೋಟು ಎಣಿಸಿ, ಮೇಲೊಂದು ರೂಪಾಯಿಯ ನಾಣ್ಯ ಇಟ್ಟು ಮಗುವಿನ ಕೈಗೆ ಕೊಟ್ಟ. ಮಗು ನೋಟು ಬಿಟ್ಟು ನಾಣ್ಯವನ್ನಷ್ಟೇ ಗಟ್ಟಿಯಾಗಿ ಹಿಡಿಯಿತು. "ಕಳೆದುಹೋಗುತ್ತದೆ, ಕೊಡು, ನಾನು ಇಟ್ಟುಕೊಂಡಿರುತ್ತೇನೆ" ಎಂದು ಅದರ ತಾಯಿ ನೋಟನ್ನು ಎತ್ತಿಕೊಂಡಳು.

"ಬರೆದಿಡು ಅಕ್ಕಾ" ಎಂದ ಅಪ್ಪಿ. "ಅವಳು ದೊಡ್ಡವಳಾದ ಮೇಲೆ ಕೇಳುತ್ತಾಳೆ."

ರಾತ್ರಿ ಮನೆಗೆ ಬಂದು ಎಲ್ಲರೂ ಕಾಲು ಚಾಚಿ ಕುಳಿತಾಗ ಕೂಸು ತನ್ನ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟಳು. ಖರ್ಚಿನ ಪುಟ ಈ ಬಾರಿ ಖಾಲಿಯಿರಲಿಲ್ಲ. ಬಳೆ 40. ಆಯಿಗೆ ಕ್ಲಿಪ್ 20. ತೊಟ್ಟಿಲು ಒಂದು ಸಲ 80. ಅದರ ಪಕ್ಕದಲ್ಲಿ ಕಂಸ ಹಾಕಿ ಬರೆದಿದ್ದಳು: "ಇನ್ನೊಂದು ಸಲ ಹತ್ತಬೇಕಿತ್ತು. ನಾಳೆ ಹತ್ತುತ್ತೇನೆ."